ಒಂಟೆಯವರಿಗೆ ಒಂದು ಮುದ್ದೆ

ನಮ್ಮ ಖಾಲಾಗೆ ಆಸ್ಟ್ರೇಲಿಯಾದಲ್ಲಿ ನನಗಿಂತ ಹೆಚ್ಚು ಜನ ಬೇಕಾದವರಿದ್ದಾರೆ. ನಾನು ಈ ದೇಶದ ಪೌರಳು, ತೆರಿಗೆ ಕಟ್ಟುವವಳು. ಅವರು ಬಂದದ್ದು ವಿಸಿಟರ್ ವೀಸಾದ ಮೇಲೆ. ಹಾಗಿದ್ದೂ ಇದು ಹೇಗೆ ಸಾಧ್ಯ ಅಂತೀರಾ? ಸುಲಭ. ಅವರಿಗೆ ಬೇಕಾದವರೆಲ್ಲ ಸತ್ತು ನೂರು ವರ್ಷವಾಗಿದೆ!

ಬೇರೆಯವರ ಮನೆಗೆ ಊರಿಂದ ಹಿರಿಯರು ಬಂದರೆ ಕಾಂಗರೂ ನೋಡುತ್ತಾರೆ, ಸಮುದ್ರದ ದಂಡೆಯಲ್ಲಿ ಪ್ಯಾಂಟು ಮಡಚಿಕೊಂಡು ಫೋಟೊಗೆ ನಿಲ್ಲುತ್ತಾರೆ, ಕೊತ್ತಂಬರಿ ಕಟ್ಟಿನ ಬೆಲೆ ಕೇಳಿ ಎದೆ ಹಿಡಿದುಕೊಳ್ಳುತ್ತಾರೆ, ವೀಸಾ ಮುಗಿದ ಮೇಲೆ ಹೊರಡುತ್ತಾರೆ. ಹೋದಮೇಲೆ ಮನೆಯವರು ಅಳುತ್ತಾರೆ. ನಮ್ಮ ಖಾಲಾ ವಿಷಯದಲ್ಲಿ ಅಳುವುದೆಲ್ಲ ಅವರು ಇದ್ದಾಗಲೇ ಮುಗಿದಿತ್ತು.

ಖಾಲಾ ಎಂದರೆ ನನ್ನ ಅಮ್ಮನ ಅಕ್ಕ. ಶಿಡ್ಲಘಟ್ಟದವರು. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಸರ್ಕಾರ ಅವರನ್ನು ನಿವೃತ್ತಿ ಮಾಡಿತೇ ಹೊರತು ಅವರ ವಿಷಲ್ಲನ್ನು ಮಾಡಲಿಲ್ಲ. ಆ ಹಿತ್ತಾಳೆ ವಿಷಲ್ ಇವತ್ತಿಗೂ ಕೊರಳಲ್ಲಿ ತಾಯಿತದ ಪಕ್ಕದಲ್ಲೇ ನೇತಾಡುತ್ತದೆ. ಕಷ್ಟಕಾಲದಲ್ಲಿ ಎರಡರಲ್ಲಿ ಯಾವುದು ಹೆಚ್ಚು ಕೆಲಸಕ್ಕೆ ಬಂದಿದೆ ಎಂದು ಕೇಳಿದರೆ ನಾನು ವಿಷಲ್ ಎಂದೇ ಹೇಳುತ್ತೇನೆ, ಅಲ್ಲಾಹ್ ಕ್ಷಮಿಸಲಿ. ನಮ್ಮ ಮನೆಮಾತು ಉರ್ದು. ಆದರೆ ಖಾಲಾ ಬೈಯುವುದು ಕನ್ನಡದಲ್ಲಿ. ಉರ್ದುವಿನಲ್ಲಿ ಬೈದರೆ ಬೈಸಿಕೊಂಡವರು ಶಾಯರಿ ಕೇಳಿದ ಹಾಗೆ ಖುಷಿಪಡುತ್ತಾರೆ, ಬುದ್ಧಿ ಕಲಿಯುವುದಿಲ್ಲ ಎನ್ನುವುದು ಅವರ ಸರ್ವಿಸ್ಸಿನ ಅನುಭವ. ಬೈಯುವುದು ಬಿಟ್ಟು ಅವರು ಬೇರೆ ಮಾತಾಡುವುದೇ ಅಪರೂಪವಾದ್ದರಿಂದ ಇಲ್ಲಿ ಬರುವ ಅವರ ಮಾತು ಬಹುಪಾಲು ಅಸಲು ಕನ್ನಡದ್ದೇ. ಅನುವಾದದ ಶ್ರಮ ನನಗೆ ಹೆಚ್ಚು ಬಿದ್ದಿಲ್ಲ.

ಆ ವಿಷಲ್‌ನ ಜೊತೆ ನಮ್ಮದು ಬಾಲ್ಯದ ಸಂಬಂಧ. ರಜೆಯಲ್ಲಿ ಶಿಡ್ಲಘಟ್ಟಕ್ಕೆ ಹೋದರೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ತಟ್ಟೆಗೊಂದು ರಾಗಿ ಮುದ್ದೆ ಇಡುತ್ತಿದ್ದರು. ಮುರಿ, ಅದ್ದು, ನುಂಗು! ಮುದ್ದೆಯನ್ನು ಹಲ್ಲಿಗೆ ತಾಗಿಸುವವರು ಅವರ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಯಾರ ದವಡೆಯಾದರೂ ಸ್ವಲ್ಪ ಅಲ್ಲಾಡಿತೋ, ಪೀ...! ಅಂದು ಹೆದರಿ ನುಂಗಿದ್ದು, ದೊಡ್ಡವಳಾದ ಮೇಲೂ ನಾನು ಮುದ್ದೆ ಅಗಿದಿರಲಿಲ್ಲ. ಮಾಡ್ಬರಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೂ ಈ ಸಲ ತರಬೇತಿ ಆಯಿತು. "ನಾನಿ, ಇಟ್ಸ್ ಎ ಚೋಕಿಂಗ್ ಹಝಾರ್ಡ್!" ಎಂದು ಅವಳು ಚೀರಿದಳು. ಖಾಲಾ ಉತ್ತರವಾಗಿ ವಿಷಲ್ ಊದಿದರು.

ಇನ್ನು ಖಾಲಾ ಅವರ ಯಜಮಾನರು, ನಮ್ಮ ಖಾಲು. ಸೌದಿಯಲ್ಲಿ ಲಾರಿ ಓಡಿಸುತ್ತಿದ್ದರು. ಒಂದು ಊರಿನಿಂದ ಇನ್ನೊಂದು ಊರಿಗೆ, ಮಧ್ಯೆ ಬರೀ ಮರಳು. ಎರಡು ವರ್ಷಕ್ಕೊಮ್ಮೆ ಬಂದು, ಮಕ್ಕಳು 'ಯಾರೀ ಅಂಕಲ್' ಎನ್ನುವುದನ್ನು ನಿಲ್ಲಿಸುವ ಹೊತ್ತಿಗೆ ವಾಪಸ್ಸು ಹೊರಡುತ್ತಿದ್ದರು. ಒಂದು ಮಧ್ಯಾಹ್ನ ಲಾರಿಯನ್ನು ದಾರಿಯ ಪಕ್ಕಕ್ಕೆ ಹಾಕಿ ಮಲಗಿದವರು ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಅಲ್ಲಿ ಗೋರಿಗೆ ಹೆಸರು ಬರೆಯುವ ಪದ್ಧತಿ ಇಲ್ಲವಂತೆ. ಖಾಲಾ ಇವತ್ತಿನವರೆಗೆ ಆ ಜಾಗ ನೋಡಿಲ್ಲ.

ನಮ್ಮ ಕಡೆ ಸತ್ತವರಿಗೆ ಫಾತೆಹಾ ಕೊಡುವುದುಂಟು. ಗುರುವಾರ ಸಂಜೆ ಸತ್ತವರ ರೂಹು ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಅಜ್ಜಿಯರ ನಂಬಿಕೆ. ಅವರಿಗೆ ಇಷ್ಟವಾದ ಅಡುಗೆ ಮಾಡಿ, ಮುಂದಿಟ್ಟುಕೊಂಡು, ಅವರ ಹೆಸರು ಹೇಳಿ ದುಆ ಮಾಡಿ, ಊಟವನ್ನು ಹಂಚುತ್ತಾರೆ. ಖಾಲುಗೆ ಪ್ರಾಣವೆಂದರೆ ಹಿತಕಿದ ಅವರೆಬೇಳೆ ಹಾಕಿದ ಕೈಮಾ ಸಾರು, ಜೊತೆಗೆ ಮುದ್ದೆ. ಅವರ ಅಮ್ಮ ಇರುವ ತನಕ ಮಾಡಿದರು, ತಂಗಿಯರು ಮಾಡಿದರು. ಖಾಲಾ ಮಾತ್ರ ಒಂದು ಗುರುವಾರವೂ ಮಾಡಲಿಲ್ಲ. "ಆ ಮಣ್ಣು ನಾನು ನೋಡಿಲ್ಲ. ಯಾವ ಕಡೆ ತಿರುಗಿ ಕೈ ಎತ್ತಲಿ?" ಎನ್ನುವುದು ಅವರ ಒಂದೇ ಮಾತು. ಅವರೆಕಾಯಿ ಕಾಲ ಬಂದರೆ ಶಿಡ್ಲಘಟ್ಟದ ಬೀದಿ ಬೀದಿಯೇ ಘಮ್ ಎನ್ನುತ್ತದೆ, ಖಾಲಾ ಮನೆಯೊಂದನ್ನು ಬಿಟ್ಟು. ಈ ವಿಷಯದಲ್ಲಿ ಅವರ ಮಕ್ಕಳಿಗೆ ಅಮ್ಮನ ಮೇಲೆ ಒಳಗೊಳಗೇ ಸಿಟ್ಟು.

ಮಕ್ಕಳು ಇಬ್ಬರು. ಮಗ ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ, ಮಗಳು ಬ್ರಿಸ್ಬೇನಿನ ಟೂವಾಂಗ್‌ನಲ್ಲಿ. ಇಬ್ಬರ ಮಧ್ಯೆ ನಾನು, ಅಡಿಲೇಡಿನ ಮಾಡ್ಬರಿಯಲ್ಲಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೊದಲು ಮಗ, ಆಮೇಲೆ ಮಗಳು, ಕೊನೆಗೆ ನಾನು ಎಂದು ಖಾಲಾರನ್ನು ಪ್ರೀತಿಯಿಂದ ಹಂಚಿಕೊಂಡಿದ್ದೆವು. ಪ್ರೀತಿ ಮೊದಲ ವಾರದವರೆಗೆ ಇತ್ತು.

ಖಾಲಾ ಮಗ, ನನ್ನ ತಮ್ಮ, ಪರ್ತ್‌ನಿಂದ ಫೋನು ಮಾಡಿದ.

"ಅಮ್ಮಂಗೆ ಯಾರೋ ಹಿಸ್ಟರಿ ಹೇಳ್ಬಿಟ್ರು ಕಣಕ್ಕಾ. ಕೆಟ್ಟೆ ನಾನು."

ಆದದ್ದಿಷ್ಟು. ಜುಮ್ಮಾ ನಮಾಜಿಗೆ ಅಮ್ಮನನ್ನು ಊರೊಳಗಿನ ಹಳೆಯ ಮಸೀದಿಗೆ ಕರೆದುಕೊಂಡು ಹೋಗಿದ್ದಾನೆ. ಅಂಗಳದಲ್ಲಿ ಒಬ್ಬ ಮುದುಕರು, ನೀಲಿ ಕಣ್ಣು, ಅಪ್ಪಟ ಆಸ್ಟ್ರೇಲಿಯನ್ ಇಂಗ್ಲಿಷು, ತಮ್ಮ ಮುತ್ತಜ್ಜನ ಕಥೆ ಹೇಳಿದ್ದಾರೆ. ರೈಲು, ಲಾರಿ ಇಲ್ಲದ ಕಾಲದಲ್ಲಿ ಈ ದೇಶದ ಮರುಭೂಮಿಯಲ್ಲಿ ಸಾಮಾನು ಹೊರುವುದಕ್ಕೆ ಒಂಟೆಗಳನ್ನು ತರಿಸಿದರಂತೆ. ಒಂಟೆ ಬಂದರೆ ಸಾಕೇ? ಅದರ ಭಾಷೆ ಬಲ್ಲವರೂ ಬೇಕಲ್ಲ. ಹಾಗಾಗಿ ಕರಾಚಿಯಲ್ಲಿ ಹಡಗು ಹತ್ತಿ ಅಫ್ಘಾನಿಗಳು, ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು ಬಂದರು. ಇಲ್ಲಿಯವರು ಎಲ್ಲರಿಗೂ ಸೇರಿಸಿ 'ಅಫ್ಘಾನ್' ಎಂದು ಒಂದೇ ಹೆಸರಿಟ್ಟು ಕೈ ತೊಳೆದುಕೊಂಡರು. ಹೆಂಡತಿಯರನ್ನು ಕರೆತರುವ ಹಾಗಿರಲಿಲ್ಲ. ಊರ ಹೊರಗೆ ತಗಡಿನ ಗುಡಿಸಲು ಹಾಕಿಕೊಂಡು ಇದ್ದರು, ತಗಡಿನದೇ ಮಸೀದಿ ಕಟ್ಟಿದರು. ಕೆಲವರು ಇಲ್ಲೇ ಮದುವೆಯಾದರು, ಕೆಲವರು ವಾಪಸ್ಸು ಹೋದರು. ಮಿಕ್ಕವರು ಒಂಟಿಯಾಗಿ ಸತ್ತು ಇಲ್ಲೇ ಮಣ್ಣಾದರು.

ಕೇಳಿದವರೆಲ್ಲ "ಓಹ್, ಇಂಟರೆಸ್ಟಿಂಗ್" ಎಂದು ಸಮೋಸಾ ಕಡೆ ಹೋದರು. ನಮ್ಮ ಖಾಲಾ ಹೋಗಲಿಲ್ಲ.

"ಅವರಿಗೆ ಫಾತೆಹಾ ಯಾರು ಕೊಡ್ತಾರೆ?" ಎಂದು ಕೇಳಿದರು.

ಮುದುಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಮ್ಮನಿಗೆ ಅರ್ಥವಾಯಿತು, ಆದರೆ ಕಾಲ ಮಿಂಚಿತ್ತು. "ಗುರುವಾರ ರೂಹು ಬಾಗಿಲಿಗೆ ಬಂದ್ರೆ ಯಾವ ಬಾಗಿಲಿಗೆ ಬರ್ಬೇಕೋ? ಪಾಪ, ಅವರಿಗೆ ಇಲ್ಲಿ ಮನೇನೇ ಇರ್ಲಿಲ್ಲ. ಇನ್ಮೇಲೆ ನಿಮ್ಮನೆ ಬಾಗಿಲಿಗೆ ಬರ್ತಾರೆ, ನಾನು ಹೇಳಿದೀನಿ," ಎಂದರು ಖಾಲಾ. ಅಡ್ರೆಸ್ಸು ಹೇಗೆ ಕೊಟ್ಟರೋ ಅವರಿಗೇ ಗೊತ್ತು!

ಈಗ ಮುಖ್ಯ ಸಮಸ್ಯೆ. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಬೇಕು. ಒಂಟೆಯವರಿಗೆ ಏನು ಇಷ್ಟ? ಖಾಲಾ ಕ್ಯಾನಿಂಗ್ಟನ್‌ನ ಅಂಗಡಿ ಅಂಗಡಿ ಅಲೆದು ವಿಚಾರಣೆ ನಡೆಸಿದರು. ಅಫ್ಘಾನಿಸ್ತಾನದ ಹಝಾರಾ ಅಂಗಡಿಯವನು, "ಆಂಟಿ, ಅನುಮಾನವೇ ಬೇಡ, ಕಾಬೂಲಿ ಪಲಾವ್," ಎಂದ. ಅಲ್ಲೇ ನಿಂತಿದ್ದ ಬಲೂಚಿ ವಿದ್ಯಾರ್ಥಿಗೆ ಕೋಪ ಬಂತು: ಅರ್ಧಕ್ಕರ್ಧ ಜನ ತಮ್ಮ ಕಡೆಯವರು, ಅವರಿಗೆ ಬೇಕಾದದ್ದು ಇಡೀ ಕುರಿ ಸುಟ್ಟದ್ದು. ಪಂಜಾಬಿ ಟ್ಯಾಕ್ಸಿಯವನು ಸಾಸಿವೆ ಸೊಪ್ಪು, ಮೆಕ್ಕೆಜೋಳದ ರೊಟ್ಟಿಯ ಮೇಲೆ ಆಣೆಯಿಟ್ಟ. ನೂರು ವರ್ಷ ಯಾರೂ ಕೇಳದ ಸತ್ತವರಿಗೆ ಒಂದು ತಟ್ಟೆ ಊಟ ಎಂದಕೂಡಲೇ ಮೂರು ಕಡೆಯಿಂದ ವಾರಸುದಾರರು ಹುಟ್ಟಿಕೊಂಡರು!

ಕೊನೆಗೆ ಖಾಲಾ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಸೂತ್ರ ಕಂಡುಹಿಡಿದರು: ಯಾವ ಊರಿನವನಾದರೂ ಒಂಟೆ ಹಾಲು ಕುಡಿದೇ ಕುಡಿದಿರುತ್ತಾನೆ. ಒಂಟೆ ಹಾಲಿನ ಫಿರ್ನಿ, ಅಂದರೆ ಅಕ್ಕಿತರಿಯ ಗಟ್ಟಿ ಪಾಯಸ! ನನ್ನ ತಮ್ಮ ರಜೆ ಹಾಕಿ, ಊರೆಲ್ಲ ಸುತ್ತಿ, ಒಂದು ಬಾಟಲಿ ತಂದ. ಆ ದುಡ್ಡಿಗೆ ನಮ್ಮ ಕಡೆ ಒಂಟೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಫಿರ್ನಿ ಎಷ್ಟು ಕಾಸಿದರೂ ಗಟ್ಟಿಯಾಗಲೊಲ್ಲದು. "ಬಿಡೋ, ಒಂಟೆ ಮೇಲೆ ಕೂತ್ಕೊಂಡು ಚಮಚದಲ್ಲಿ ತಿಂತಾರಾ? ಹಾಗೇ ಕುಡ್ಕೋತಾರೆ," ಎಂದರು ಖಾಲಾ.

ಪಕ್ಕದ ಮನೆಯ ಮಲಯ್ ಹೆಂಗಸು, ಹಿಂದೂ ಮಹಾಸಾಗರದ ಯಾವುದೋ ಪುಟ್ಟ ದ್ವೀಪದಿಂದ ಬಂದವರು, ವಾಸನೆ ಹಿಡಿದು ಬಂದು ವಿಷಯ ತಿಳಿದು ಕಣ್ಣರಳಿಸಿದರು. ಅವರಲ್ಲೂ ಸತ್ತವರಿಗೆ ಊರವರನ್ನು ಕರೆದು ಓದಿಸಿ ಊಟ ಹಾಕುತ್ತಾರಂತೆ. ಮರುವಾರದಿಂದ ಅವರದೂ ಒಂದು ಪಾತ್ರೆ, ತೆಂಗಿನಹಾಲಿನ ಅನ್ನ. ಇತ್ತ ಮಸೀದಿಯಲ್ಲಿ ಒಬ್ಬ ಗಡ್ಡದ ಹುಡುಗ ವಿನಯದಿಂದಲೇ ತಡೆದ. "ಆಂಟಿ, ಇದೆಲ್ಲ ನಮ್ಮ ದೀನ್‌ನಲ್ಲಿ ಇಲ್ಲ. ಸತ್ತವರು ತಿನ್ನಲ್ಲ."

"ಗೊತ್ತಪ್ಪಾ, ಅದಕ್ಕೇ ನೀನು ತಿನ್ನು ಅಂತ ತಂದಿದೀನಿ," ಎಂದರು ಖಾಲಾ. ಹುಡುಗ ಎರಡು ಬಟ್ಟಲು ತಿಂದ ಎಂದು ವರದಿ. ಆಮೇಲೆ ನಾನು ಗಮನಿಸಿದ್ದು ಇದು: ಖಾಲಾ ಹೋದಲ್ಲೆಲ್ಲ, ಯಾವ ದೇಶದವರೇ ಆಗಲಿ, ಸತ್ತವರಿಗೆ ಸಿಹಿ ಮಾಡುವ ಹೆಂಗಸರು ಸಿಕ್ಕರು, ಸತ್ತವರಿಗೆ ಏನೂ ಬೇಡ ಎನ್ನುವ ಗಂಡಸರೂ ಸಿಕ್ಕರು. ಬಟ್ಟಲು ಮಾತ್ರ ಎಲ್ಲಿಯೂ ಖಾಲಿಯಾಗದೆ ಉಳಿಯಲಿಲ್ಲ.

ಮುಂದಿನ ಸರದಿ ಬ್ರಿಸ್ಬೇನ್. ತಂಗಿ ಬುದ್ಧಿವಂತೆ, ಅಮ್ಮನನ್ನು ಯಾವ ಮಸೀದಿಗೂ ಕರೆದೊಯ್ಯಲಿಲ್ಲ, ಯಾವ ಮುದುಕರನ್ನೂ ಮಾತಾಡಿಸಲು ಬಿಡಲಿಲ್ಲ. ಆದರೆ ಟೂವಾಂಗ್‌ನಲ್ಲಿ ಅವಳ ಬಾಡಿಗೆ ಮನೆ ಇರುವುದು ಗುಡ್ಡದ ಮೇಲಿನ ದೊಡ್ಡ ಹಳೆಯ ಸ್ಮಶಾನಕ್ಕೆ ಕೂಗಳತೆಯಲ್ಲಿ! ಬೆಕ್ಕನ್ನು ಹಾಲಿನಂಗಡಿಯ ಮುಂದೆ ಬಾಡಿಗೆಗೆ ಇಟ್ಟ ಹಾಗಾಯಿತು. ಬೆಳಗಿನ ವಾಕಿಂಗ್ ಎಂದು ಹೊರಟ ಖಾಲಾ ಮಧ್ಯಾಹ್ನ ಬರುತ್ತಿದ್ದರು.

ಅಲ್ಲಿ ಅವರು ಹುಡುಕುತ್ತಿದ್ದದ್ದು ಒಂಟೆಯವರನ್ನು. ಹೇಗೆ ಅಂತೀರಿ? ನಮ್ಮೂರಿನ ಖಬರಸ್ತಾನದ ಲೆಕ್ಕದಲ್ಲಿ. ಶಿಡ್ಲಘಟ್ಟದಲ್ಲಿ ನಮ್ಮವರನ್ನು ತಲೆ ಬಡಗಣಕ್ಕೆ, ಕಾಲು ತೆಂಕಣಕ್ಕೆ, ಮುಖ ಪಡುವಣದ ಕಾಬಾ ಕಡೆಗೆ ತಿರುಗಿಸಿ ಮಲಗಿಸುತ್ತಾರೆ. ಬ್ರಿಸ್ಬೇನಿನಿಂದಲೂ ಕಾಬಾ ಪಡುವಣಕ್ಕೇ. ಕ್ರಿಶ್ಚಿಯನ್ನರ ಗೋರಿಗಳು ಸಾಮಾನ್ಯವಾಗಿ ಮೂಡಣ ಪಡುವಣ. ಆದ್ದರಿಂದ ಬಡಗಣ ತೆಂಕಣವಾಗಿ ಮಲಗಿದವನು ಸಿಕ್ಕಿದರೆ ಅವನು ನಮ್ಮವನೇ! ಹೀಗೆ ಹುಡುಕಿ ಹುಡುಕಿ ಗುಡ್ಡದ ಇಳಿಜಾರಿನಲ್ಲಿ, ಮಳೆಗೆ ಅಕ್ಷರವೆಲ್ಲ ಸವೆದ ಒಂದು ಒಂಟಿ ಗೋರಿ ಹಿಡಿದರು. ಗುರುವಾರ ಗುರುವಾರ ಗುಲಾಬಿ ಎಸಳು, ಅಗರಬತ್ತಿ, ಒಂದು ಬಟ್ಟಲು ಫಿರ್ನಿ. ಕೆಳಗಿನ ಮನೆಯ ಫಿಜಿ ಮುಸ್ಲಿಂ ಹೆಂಗಸು ರೊಟ್ಟಿ ಬೆಲ್ಲ ತುಪ್ಪ ಕಲಸಿದ ಮಲೀದ ಮಾಡಿ ಕೈಜೋಡಿಸಿದರು. ಅವರ ಮುತ್ತಜ್ಜ ನಮ್ಮ ದೇಶದಿಂದ ಫಿಜಿಯ ಕಬ್ಬಿನ ಗದ್ದೆಗೆ ಹಡಗಿನಲ್ಲಿ ಹೋದವರಂತೆ, ಅವರ ಗೋರಿಯೂ ಇವರಿಗೆ ಗೊತ್ತಿಲ್ಲ.

ಒಂದು ಗುರುವಾರ ಹೂಗುಚ್ಛ ಹಿಡಿದು ಒಬ್ಬ ಬಿಳಿ ಅಜ್ಜಿ ಬಂದರು. ಗೋರಿಯ ಮೇಲೆ ಫಿರ್ನಿ ನೋಡಿದರು. ಖಾಲಾರನ್ನು ನೋಡಿದರು. ತಂಗಿ ಅಲ್ಲೇ ಇದ್ದಳು, ನೆಲ ಬಾಯಿಬಿಡಲಿ ಎಂದು ಬೇಡುತ್ತಿದ್ದಳು.

"ಇವರು ನನ್ನ ಮುತ್ತಾತ," ಎಂದರು ಅಜ್ಜಿ ಇಂಗ್ಲಿಷಿನಲ್ಲಿ. "ಐರ್ಲೆಂಡಿನಿಂದ ಬಂದವರು. ಇಲ್ಲಿ ಕೆಳಗಡೆ ಪಬ್ ಇಟ್ಟಿದ್ದರು."

ಗುಡ್ಡದ ಓರೆಗೆ ತಕ್ಕ ಹಾಗೆ ಅವರನ್ನು ಅಡ್ಡ ಮಲಗಿಸಿದ್ದರು, ಅಷ್ಟೇ. ವಾರಗಟ್ಟಲೆ ಖಾಲಾ ಕುರಾನ್ ಓದಿ ಫಾತೆಹಾ ಕೊಟ್ಟದ್ದು ಹೆಂಡದಂಗಡಿ ಸಾಹುಕಾರನಿಗೆ! ತಂಗಿ ಇದನ್ನು ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ತಲೆತಿರುಗಿ ಬಿದ್ದರೆ ಹಿಡಿದುಕೊಳ್ಳಲು ಸಿದ್ಧವಾಗಿ ನಿಂತಳು.

ಖಾಲಾ ಗೋರಿಯ ಮೇಲಿನ ಎಸಳು ಸರಿಮಾಡಿದರು. "ಪಾಪ, ಮಿಕ್ಕ ಎಲ್ರಿಗಿಂತ ಇವನಿಗೇ ಜಾಸ್ತಿ ಬೇಕಾಗಿತ್ತು ಕಣೇ," ಎಂದರು. ಆಮೇಲೆ ಅಜ್ಜಿಗೂ ಒಂದು ಬಟ್ಟಲು ಕೊಟ್ಟರು. ಅಜ್ಜಿ ರೆಸಿಪಿ ಕೇಳಿದರಂತೆ.

ಆ ಸಂಜೆಯೇ ತಂಗಿ ನನಗೆ ಫೋನು ಮಾಡಿದಳು. ನಗುತ್ತಿದ್ದಾಳೆ ಎಂದುಕೊಂಡೆ, ನಗುತ್ತಿರಲಿಲ್ಲ. "ಐರಿಷ್ ಪಬ್‌ನೋನಿಗೆ ಮಾಡ್ತಾಳೆ. ಒಂಟೆಯೋರಿಗೆ ಮಾಡ್ತಾಳೆ. ನಮ್ಮಪ್ಪಂಗೆ ಒಂದಿನ ಮಾಡ್ಲಿಲ್ಲ ಕಣೇ. ನಾನು ಅದನ್ನ ಕೇಳಿದ್ರೆ ಬ್ಯಾಗ್ ಪ್ಯಾಕ್ ಮಾಡೋಕೆ ಶುರು ಮಾಡಿದಾಳೆ. ತಗೋ, ನಿನ್ನ ಸರದಿ."

ಬಂದರು. ಮೊದಲ ಗುರುವಾರವೇ ಲೋಬಾನದ ಹೊಗೆಗೆ ಮನೆಯ ಸ್ಮೋಕ್ ಅಲಾರಂ ಕಿರುಚಿತು. ಖಾಲಾ ಅದಕ್ಕಿಂತ ಜೋರಾಗಿ ವಿಷಲ್ ಊದಿ ಅದನ್ನು ಸುಮ್ಮನಿರಿಸಲು ನೋಡಿದರು. ಪಕ್ಕದ ಮನೆಯವರು ನಿಜವಾಗಿಯೂ ಏನೋ ಆಗಿದೆ ಎಂದುಕೊಂಡು ನಾಯಿ ಸಮೇತ ರಸ್ತೆಗೆ ಬಂದರು. ನಮ್ಮ ಯಜಮಾನರು ಮೈಸೂರಿನವರು, ಮೃದು ಸ್ವಭಾವ. "ಖಾಲಾ, ಅಗರಬತ್ತಿ ಸಾಲದಾ?" ಎಂದರು. "ನಿನ್ನ ಫಾತೆಹಾಗೆ ಬರೀ ಅಗರಬತ್ತಿ ಹಚ್ತೀನಿ ಬಿಡು," ಎಂದು ಉತ್ತರ ಬಂತು.

ಆಮೇಲೆ ಈದ್. ಅಡಿಲೇಡಿನಲ್ಲಿ ಪಾರ್ಕಿನ ಹುಲ್ಲಿನ ಮೇಲೆ ಎಲ್ಲರೂ ಸೇರಿ ನಮಾಜು. ಹೆಂಗಸರ ಕಡೆ ಎಂಥ ಸಂತೆ ಅಂತೀರಿ! ಹೂವಿನ ಸ್ಕಾರ್ಫಿನ ಬೋಸ್ನಿಯಾದ ಅಜ್ಜಿಯರು, ನೆಲ ಗುಡಿಸುವ ನಿಲುವಂಗಿಯ ಸೊಮಾಲಿಗಳು, ಕನ್ನಡಿ ಕಸೂತಿಯ ಹಝಾರಾ ಹುಡುಗಿಯರು, ಬಿಳಿಯಲ್ಲಿ ಮುಳುಗಿದ ಮಲಯ್‌ಗಳು, ಎತ್ತರದ ತುರ್ಕಿಯರು, ಮಧ್ಯೆ ಮಧ್ಯೆ ಜರಿ ಅಂಚಿನ ನಾವು. ಇಮಾಮರು ಮೈಕಿನಲ್ಲಿ "ಸಾಲು ನೇರ ಮಾಡಿಕೊಳ್ಳಿ" ಎಂದು ಅರಬ್ಬಿಯಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ ಹೇಳಿದರು. ಯಾರು ಕೇಳುತ್ತಾರೆ? ಒಬ್ಬಳು ಮಗುವಿಗೆ ಶೂ ಹಾಕುತ್ತಿದ್ದಾಳೆ, ಒಬ್ಬಳು ಸೆಲ್ಫಿ ತೆಗೆಯುತ್ತಿದ್ದಾಳೆ, ಸಾಲು ಹಾವಿನ ಹಾಗೆ ಹರಿದಿದೆ. ನನ್ನ ಪಕ್ಕದಲ್ಲಿ ಖಾಲಾ ಅವರ ಕೈ ಕೊರಳಿಗೆ ಹೋಗುವುದು ಕಂಡಿತು. ತಾಯಿತ ಮುಟ್ಟಲಿ ದೇವರೇ, ತಾಯಿತ ಮುಟ್ಟಲಿ ಎಂದು ಬೇಡಿಕೊಂಡೆ.

ಪೀ...!

ಇಡೀ ಪಾರ್ಕು ಸ್ತಬ್ಧ. "ಯು! ರೆಡ್ ಸ್ಕಾರ್ಫ್! ಒನ್ ಸ್ಟೆಪ್ ಬ್ಯಾಕ್! ಟಾಲ್ ಗರ್ಲ್ಸ್, ಬ್ಯಾಕ್ ಲೈನ್! ಶೋಲ್ಡರ್ ಟು ಶೋಲ್ಡರ್!" ಶಿಡ್ಲಘಟ್ಟದ ಇಂಗ್ಲಿಷು ಅಷ್ಟೂ ದೇಶಗಳಿಗೆ ಏಕಕಾಲಕ್ಕೆ ಅರ್ಥವಾಯಿತು. ದಾರ ಹಿಡಿದು ಎಳೆದಂತೆ ಸಾಲು ನೇರವಾಯಿತು. ಅಷ್ಟೇ ಅಲ್ಲ, ಪರದೆಯ ಆಚೆ ಗಂಡಸರ ಸಾಲೂ ನೇರವಾಯಿತು! ಇಮಾಮರು ಒಂದು ಕ್ಷಣ ತಿರುಗಿ ನೋಡಿ, ಇದು ಧರ್ಮಸಮ್ಮತವೋ ಅಲ್ಲವೋ ಎಂದು ಯೋಚಿಸಿ, ಫಲಿತಾಂಶ ನೋಡಿ ಸುಮ್ಮನಾದರು.

"ಮಮ್, ಐ ವಾಂಟ್ ಟು ಡೈ," ಎಂದಳು ನನ್ನ ಮಗಳು.

"ಸಾಯೋದಾದ್ರೆ ಸಾಲಲ್ಲಿ ನಿಂತು ಸಾಯಿ," ಎಂದರು ಖಾಲಾ.

ನಮಾಜು ಮುಗಿದ ಮೇಲೆ ಹೆಂಗಸರೆಲ್ಲ 'ಕೋಚ್' ಅನ್ನು ಮುತ್ತಿಕೊಂಡರು. ಖಾಲಾ ಕಾಲ ವ್ಯರ್ಥ ಮಾಡದೆ ಒಂಟೆಯವರ ಸಮಾಚಾರ ಎತ್ತಿದರು. ಬೋಸ್ನಿಯಾದ ಅಜ್ಜಿ, ನಾವೂ ಸತ್ತವರಿಗೆ ಹಲ್ವಾ ಮಾಡುತ್ತೇವೆ ಎಂದರು. ತುರ್ಕಿಯವರು, ಹಲ್ವಾ ನಮ್ಮಿಂದಲೇ ಇವರು ಕಲಿತದ್ದು ಎಂದರು. ಸೊಮಾಲಿ ಹೆಂಗಸೊಬ್ಬಳು ಬೇರೆಯೇ ಮಾತು ತೆಗೆದಳು: ಅವಳ ಅಪ್ಪ ಒಂಟೆಯವನೇ, ಒಂಟೆ ಹಾಲನ್ನು ಫಿರ್ನಿ ಮಾಡಿದ ಪಾಪಕ್ಕೆ ಖಾಲಾ ಮೊದಲು ತೌಬಾ ಮಾಡಬೇಕು! ಎಷ್ಟು ದೇಶ, ಎಷ್ಟು ಅಡುಗೆ, ಎಷ್ಟು ಜಗಳ! 'ಮುಸ್ಲಿಂ ಕಮ್ಯುನಿಟಿ' ಎಂದು ಇಲ್ಲಿನ ಟೀವಿಯವರು ಒಂದೇ 'ಕಮ್ಯುನಿಟಿ'ಯಾಗಿ ಮಾತಾಡುವಾಗೆಲ್ಲ ನನಗೆ ಆ ಹುಲ್ಲಿನ ಮೇಲಿನ ಹಲ್ವಾ ಯುದ್ಧ ನೆನಪಾಗುತ್ತದೆ. ನಮ್ಮನ್ನೆಲ್ಲ ಒಂದು ಸಾಲಿಗೆ ತರಲು ಶಿಡ್ಲಘಟ್ಟದ ವಿಷಲ್ಲೇ ಬೇಕಾಯಿತು.

ಅವತ್ತಿನಿಂದ ಪ್ರತಿ ಗುರುವಾರ ಮಧ್ಯಾಹ್ನ ನನ್ನ ಪಾಡು ಹೇಳತೀರದು. ಅಡಿಲೇಡಿನ ಅಂಚಿನಲ್ಲಿರುವ ಹಳೆಯ ಸ್ಮಶಾನದ ಒಂದು ಮೂಲೆಯಲ್ಲಿ ಒಂಟೆಯವರ ಗೋರಿಗಳು ನಿಜವಾಗಿಯೂ ಇವೆ. ಕೆಲಸ ಬೇಗ ಮುಗಿಸಿ, ಬಾಸ್‌ಗೆ ನನ್ನ ಹಲ್ಲುನೋವು, ಮಗಳ ಹಲ್ಲುನೋವು, ನಾಯಿಯ ಹಲ್ಲುನೋವು ಎಂದು ಸುಳ್ಳು ಹೇಳಿ (ನಮಗೆ ನಾಯಿಯೇ ಇಲ್ಲ), ಟ್ರಾಫಿಕ್‌ನಲ್ಲಿ ತೂರಿ ಖಾಲಾರನ್ನು ಅಲ್ಲಿಗೆ ಮುಟ್ಟಿಸಬೇಕು. ಬಿಸಿಲೋ ಬಿಸಿಲು. ಅವರು ನಿಧಾನಕ್ಕೆ ಒಂದೊಂದು ಗೋರಿಯ ಮುಂದೆ ನಿಂತು ಹಾಜರಿ ಕರೆದ ಹಾಗೆ ಮಾತಾಡಿಸುತ್ತಾರೆ. ಲಾರಿಗಳು ಬಂದ ಮೇಲೆ ಇವರ ಒಂಟೆಗಳನ್ನು ಕೇಳುವವರಿಲ್ಲದೆ ಹೊಟ್ಟೆಪಾಡು ಹೋಯಿತು ಎಂದು ನಾನು ಎಲ್ಲೋ ಓದಿ ಹೇಳಿದ್ದೇ ತಪ್ಪಾಯಿತು. "ನಮ್ಮನೆಯವರದೂ ಲಾರಿಯೇ ಕಣಪ್ಪಾ. ಬೇಜಾರು ಮಾಡ್ಕೋಬೇಡಿ," ಎಂದು ಪ್ರತಿ ಗೋರಿಗೂ ಕ್ಷಮೆ ಕೇಳತೊಡಗಿದರು.

ನನಗೂ ತಾಳ್ಮೆಗೆ ಒಂದು ಮಿತಿ ಇದೆ. ಒಂದು ದಿನ ಕೇಳಿಯೇ ಬಿಟ್ಟೆ.

"ಖಾಲಾ, ಇವ್ರು ನಿಮ್ಗೆ ಏನಾಗ್ಬೇಕು? ಖಾಲುಗೆ ಮಾಡ್ದೇ ಇರೋದನ್ನ ಇವ್ರಿಗೆ ಯಾಕೆ ಮಾಡ್ತೀರಿ? ನಿಮ್ಮ ಮಗಳು ಅಲ್ಲಿ ಅಳ್ತಿದಾಳೆ."

ಖಾಲಾ ವಿಷಲ್ ಊದಲಿಲ್ಲ, ಬೈಯಲಿಲ್ಲ. ಸೀಟ್‌ಬೆಲ್ಟ್ ಹಾಕಿಕೊಂಡು, ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು. ಬೈದಿದ್ದರೇ ವಾಸಿ ಎನಿಸಿತು.

ಅವರು ಊರಿಗೆ ಹೊರಡುವ ಮುಂಚಿನ ಗುರುವಾರ. ಇದೊಂದು ಮುಗಿದರೆ ಗೆದ್ದೆ ಎಂದುಕೊಂಡು ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆಗೆದ ಕೂಡಲೇ ಕಾಲು ನಿಂತುಬಿಟ್ಟಿತು. ಆ ವಾಸನೆ ನನಗೆ ಗೊತ್ತು. ಶಿಡ್ಲಘಟ್ಟದಲ್ಲಿ ಎಲ್ಲರ ಮನೆಯಲ್ಲೂ ಇರುತ್ತಿತ್ತು, ಖಾಲಾ ಮನೆಯೊಂದರಲ್ಲಿ ಇಲ್ಲ. ಒಳಗೆ ಹೋದರೆ ಖಾಲಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾರೆ. ಮುಂದೆ ಇಂಡಿಯನ್ ಅಂಗಡಿಯಿಂದ ನಮ್ಮವರ ಕೈಲಿ ತರಿಸಿದ ಫ್ರೋಜನ್ ಅವರೆಕಾಳಿನ ಖಾಲಿ ಪೊಟ್ಟಣ. ನೆನೆದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆದದ್ದಕ್ಕೆ ಉಗುರೆಲ್ಲ ಹಸಿರು. ಒಲೆಯ ಮೇಲೆ ಕೈಮಾ ಕುದಿಯುತ್ತಿದೆ. ಪಕ್ಕದಲ್ಲಿ ಮುದ್ದೆ.

ನನ್ನ ಬಾಯಿ ಸುಮ್ಮನಿರಬಾರದೇ? "ಅಫ್ಘಾನಿಗಳಿಗೆ ಮುದ್ದೆನಾ ಖಾಲಾ?" ಎಂದುಬಿಟ್ಟೆ.

"ನಡಿ, ಹೊತ್ತಾಗುತ್ತೆ," ಎಂದಷ್ಟೇ ಹೇಳಿದರು.

ಸ್ಮಶಾನದಲ್ಲಿ ಅವತ್ತು ಹಾಜರಿ ಇಲ್ಲ, ಕ್ಷಮೆ ಇಲ್ಲ. ನೇರವಾಗಿ ಕೊನೆಯ ಗೋರಿಗೆ ಹೋದರು. ಕಲ್ಲಿಲ್ಲ, ಹೆಸರಿಲ್ಲ, ಸುತ್ತ ನಾಲ್ಕು ಇಟ್ಟಿಗೆ ಮಾತ್ರ. ತಟ್ಟೆ ಇಟ್ಟರು, ಸಾರು ಬಡಿಸಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತರು. ನನ್ನ ಕಡೆ ನೋಡದೆ ಮಾತಾಡಿದರು.

"ಇವನ ಹೆಂಡ್ತಿ ಅಲ್ಲೆಲ್ಲೋ ಇದ್ದಳು ಕಣೇ. ಇವನು ಸತ್ತಿದ್ದು ಅವಳಿಗೆ ಎಷ್ಟು ದಿನಕ್ಕೆ ಗೊತ್ತಾಯ್ತೋ. ಅವಳಿಗೂ ಯಾರೂ ಈ ಮಣ್ಣು ತೋರಿಸ್ಲಿಲ್ಲ. ಅವಳು ಮಾಡ್ಬೇಕಾಗಿದ್ದನ್ನ ಇಷ್ಟು ದಿನ ನಾನು ಮಾಡ್ದೆ. ಇವತ್ತು ಒಂದಿನ ಅವಳ ಗಂಡನ ಮಣ್ಣು ನನಗೆ ಕೊಡ್ಲಿ. ಬೇಡ ಅನ್ನಲ್ಲ ಅವಳು. ಅವಳಿಗೆ ಗೊತ್ತಿರುತ್ತೆ."

ಕೈ ಎತ್ತಿದರು. ಫಾತೆಹಾದಲ್ಲಿ ಸತ್ತವರ ಹೆಸರು ಹೇಳಲೇಬೇಕು. ನಮ್ಮಲ್ಲಿ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. 'ಇವರು', 'ನಮ್ಮನೆಯವರು', ಬಹಳವಾದರೆ 'ಲಾರಿಯವರು'. ನನ್ನ ಜೀವಮಾನದಲ್ಲಿ ಮೊದಲ ಸಲ ಖಾಲಾ ಬಾಯಿಂದ ಖಾಲು ಹೆಸರು ಕೇಳಿದೆ. ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಡ್ರಿಲ್ ಟೀಚರ್ ಗಂಟಲು ಅದನ್ನು ಎರಡನೆಯ ಸಲಕ್ಕೆ ಹೇಳಿ ಮುಗಿಸಿತು.

ಆಮೇಲೆ ಫೋನು ತೆಗೆದು ಬ್ರಿಸ್ಬೇನಿಗೆ ಹಚ್ಚಿದರು. "ನಿಮ್ಮಪ್ಪಂಗೆ ಕೊಟ್ಟೆ ಕಣೇ. ಪರ್ತ್‌ಗೆ ನೀನೇ ಹೇಳು. ಇಬ್ರೂ ಊಟ ಮಾಡಿ," ಎಂದು ಹೇಳಿ, ಆ ಕಡೆಯ ಮಾತು ಕೇಳದೆ ಇಟ್ಟುಬಿಟ್ಟರು. ಕೇಳಲು ಅವರಿಂದ ಆಗುತ್ತಿರಲಿಲ್ಲ.

ಫಾತೆಹಾದ ಊಟ ಮಿಗಿಸಬಾರದು. ಹಂಚಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಮರದ ನೆರಳಿನಲ್ಲಿ ನಾವಿಬ್ಬರೂ ಒಂದೇ ತಟ್ಟೆಗೆ ಕೂತೆವು. ಮುರಿದೆ, ಅದ್ದಿದೆ, ಬಾಯಿಗಿಟ್ಟೆ. ನುಂಗಲು ನೋಡಿದೆ. ಗಂಟಲಲ್ಲಿ ಜಾಗವಿರಲಿಲ್ಲ. ಬೇರೆ ದಾರಿ ಕಾಣದೆ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ, ಮುದ್ದೆಯನ್ನು ಅಗಿದೆ. ಅಗಿಯುತ್ತಾ ತಲೆ ತಗ್ಗಿಸಿ ವಿಷಲ್‌ಗಾಗಿ ಕಾದೆ.

ಬರಲಿಲ್ಲ. ಮೆಲ್ಲಗೆ ತಲೆ ಎತ್ತಿ ನೋಡಿದೆ. ಖಾಲಾನೂ ಅಗಿಯುತ್ತಿದ್ದರು.